ಪ್ರಾಸಕ್ಕೆ ಸಿಕ್ಕ ಹೆಸರು

ಮಧ್ಯಾಹ್ನ ಎರಡಕ್ಕೆ ಗೆಳೆಯ ದೋರಿನ್‌ನ ಬೀಳ್ಕೊಡುಗೆಯ ಫೀಕಾ ಇದೆ ಎಂಬುದು ಶುಕ್ರವಾರ ಬೆಳಿಗ್ಗೆ ಹಲ್ಲುಜ್ಜುತ್ತಿದ್ದಾಗಲೇ ನೆನಪಾಗಿ, ಗಂಗಾಧರ ಬಾಯಲ್ಲಿದ್ದ ನೊರೆ ಉಗಿಯುವುದನ್ನೂ ಮರೆತು ಕನ್ನಡಿಯ ಮುಂದೆ ನಿಂತುಬಿಟ್ಟಿದ್ದ. ಫೀಕಾ ಎಂದರೆ ಅಂಥದ್ದೇನಲ್ಲ. ಕಾಫಿ, ಒಂದು ತುಂಡು ಕೇಕು, ಹವಾಮಾನದ ಬಗ್ಗೆ ನಾಲ್ಕು ಮಾತು. ಸ್ವೀಡನ್ನಿನ ಎಸ್ಕಿಲ್‌ಸ್ಟುನಾದ ಈ ಕಾರ್ಖಾನೆಗೆ ಬಂದ ಮೂರು ವರ್ಷಗಳಲ್ಲಿ ಅಂಥವನ್ನು ನೂರಾರು ಮುಗಿಸಿದ್ದಾನೆ. ಇವತ್ತಿನದ್ದನ್ನು ಮಾತ್ರ ತಪ್ಪಿಸಿಕೊಳ್ಳಲು ಒಂದು ನೆಪ ಬೇಕಿತ್ತು. ಬಸ್ಸಿನಲ್ಲಿ ಕೂತು ಜ್ವರ, ಹಲ್ಲುನೋವು, ಮಗಳ ಶಿಶುವಿಹಾರ ಡಾಗಿಸ್‌ನಿಂದ ಫೋನು ಎಂದು ಒಂದೊಂದನ್ನೇ ಮನಸ್ಸಿನಲ್ಲಿ ತೊಟ್ಟು ನೋಡಿದ. ಯಾವುದೂ ಮೈಗೆ ಸರಿಯಾಗಲಿಲ್ಲ. ಬಸ್ಸಿನಲ್ಲಿ ಓಡಾಡುವುದೂ ಒಂದು ನೆಪವೇ. ಮೂರು ವಾರದ ಹಿಂದಿನವರೆಗೆ ಅವನು ದಿನವೂ ದೋರಿನ್‌ನ ಕಾರಿನಲ್ಲಿ ಬರುತ್ತಿದ್ದ. ಮಗಳು ಅನ್ಯಾಳನ್ನು ಡಾಗಿಸ್‌ಗೆ ಬಿಟ್ಟು ಬರಬೇಕು, ನಿನಗೆ ತಡವಾಗುತ್ತದೆ ಎಂದು ಸುಳ್ಳು ಹೇಳಿದ್ದ. ದೋರಿನ್ ಸರಿ ಎಂದಿದ್ದ. ಅವನು ಏನೂ ಕೇಳದೆ ಸರಿ ಎಂದದ್ದು ಇವನಿಗೆ ಇನ್ನೂ ಚುಚ್ಚುತ್ತಿತ್ತು.

ಎರಡನೇ ಮಹಡಿಯ ತನ್ನ ಮೇಜಿನಿಂದ ಗಾಜಿನಾಚೆ ಕೆಳಗಿನ ಇಡೀ ಶೆಡ್ಡು ಕಾಣುತ್ತಿತ್ತು. ಮಣ್ಣೆತ್ತುವ ದೊಡ್ಡ ಹಳದಿ ಯಂತ್ರಗಳು ಒಂದರ ಹಿಂದೊಂದು ಬಂದು ನಿಲ್ಲುವುದು, ಅವುಗಳ ಎಣ್ಣೆಯ ಒತ್ತಡ ಪರೀಕ್ಷಿಸಲು ಐದು ಸ್ಟೇಷನ್ನುಗಳು. ನಾಲ್ಕನೆಯದರಲ್ಲಿ ದೋರಿನ್ ಇವತ್ತೂ ಎಂದಿನಂತೆಯೇ ಬಗ್ಗಿ ಪೈಪು ಬಿಗಿಯುತ್ತಿದ್ದ. ಕೊನೆಯ ದಿನ ಯಾರಾದರೂ ಇಷ್ಟು ನಿಗಾ ಇಟ್ಟು ಕೆಲಸ ಮಾಡುತ್ತಾರೆಯೇ? ಅಕ್ಟೋಬರಿನಿಂದಲೇ ಯಂತ್ರಗಳು ಕೇಳುವವರಿಲ್ಲದೆ ಅಂಗಳದಲ್ಲಿ ಸಾಲಾಗಿ ನಿಂತಿದ್ದವು. ಅಮೆರಿಕದಲ್ಲಿ ಬ್ಯಾಂಕುಗಳು ಬಿದ್ದದ್ದಕ್ಕೆ ಇಲ್ಲಿ ಯಂತ್ರಗಳ ಮೇಲೆ ಹಿಮ ಕೂತಿತ್ತು. ಆಗ ಮೇಲಧಿಕಾರಿ ಗುನಿಲ್ಲಾ ಇವನ ಪಕ್ಕದ ಕುರ್ಚಿ ಎಳೆದುಕೊಂಡು ಕೂತು, ತುಂಬ ಮೆಲ್ಲಗೆ, ಆರೋಗ್ಯ ವಿಚಾರಿಸುವವಳಂತೆ, ಐದು ಸ್ಟೇಷನ್ನುಗಳಲ್ಲಿ ಯಾವುದನ್ನು ಉಳಿದವುಗಳೊಳಗೆ ಸೇರಿಸಬಹುದು, ಒಂದು ಟಿಪ್ಪಣಿ ಬರೆದುಕೊಡುತ್ತೀಯಾ ಎಂದು ಕೇಳಿದ್ದಳು. ಇದು ಯಂತ್ರದ ಪ್ರಶ್ನೆ, ಮನುಷ್ಯರ ಪ್ರಶ್ನೆಯಲ್ಲ ಎಂದೂ ಸೇರಿಸಿದ್ದಳು. ಅವನು ಬರೆದ. ಹನ್ನೊಂದು ಸಾಲು. ನಾಲ್ಕನೆಯದನ್ನು ಮೂರು ಮತ್ತು ಐದಕ್ಕೆ ಹಂಚಬಹುದೆಂದು, ಐದರಲ್ಲಿ ಅದೇ ನಿಧಾನವೆಂದು, ಒಂದೊಂದು ಪರೀಕ್ಷೆಗೆ ಎಷ್ಟೆಷ್ಟು ನಿಮಿಷವೆಂದು, ಕೆಳಗೊಂದು ಕೋಷ್ಟಕ. ಕಳಿಸುವ ಮೊದಲು ಕಾಗುಣಿತ ಸರಿಯಿದೆಯೇ ಎಂದು ಎರಡು ಸಲ ನೋಡಿದ್ದ. ಈಗ ನೆನೆದರೆ ನಾಚಿಕೆಯಾಗುವುದು ಟಿಪ್ಪಣಿಗಲ್ಲ, ಕಾಗುಣಿತ ನೋಡಿದ್ದಕ್ಕೆ.

"ನೀವು ಬರ್ದಿದ್ರಲ್ಲಿ ಸುಳ್ಳೇನಾದ್ರೂ ಇತ್ತಾ?" ಎಂದು ಆ ದಿನ ಊಟದ ಹೊತ್ತಿಗೆ ಹೆಂಡತಿ ಶೋಭನಾ ಕೇಳಿದ್ದಳು.

"ಇಲ್ಲ."

"ಮತ್ತೆ? ಫೆಬ್ರವರೀಲಿ ನಮ್ ಪರ್ಮಿಟ್ ರಿನ್ಯೂ ಆಗ್ಬೇಕು ಕಣ್ರೀ. ನೀವು ಬರೀದಿದ್ರೆ ಇನ್ಯಾರೋ ಬರೀತಿದ್ರು. ಸುಮ್ನೆ ಯಾಕೆ ತಲೆಗೆ ಹಚ್ಕೋತೀರ?"

ನಾಲ್ಕು ವರ್ಷದ ಅನ್ಯಾ ಅನ್ನ ಕಲೆಸುತ್ತಾ, ತಲೆಯೆತ್ತದೆ, ಸ್ವೀಡಿಷಿನಲ್ಲಿ ಕೇಳಿದಳು: "ಯಾರು ಬರೆದದ್ದು? ಏನು ಬರೆದದ್ದು?" ಶೋಭನಾ ಅವಳ ತಟ್ಟೆಗೆ ಮೊಸರು ಹಾಕಿದಳು.

ದೋರಿನ್ ಮೊದಲು ಸಿಕ್ಕಿದ್ದು ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ, ಸುತ್ತಲ ಕಟ್ಟಡಗಳವರೆಲ್ಲ ಸರದಿ ಬರೆದಿಟ್ಟು ಬಟ್ಟೆ ಒಗೆಯುವ ಕೋಣೆಯಲ್ಲಿ. ಎರಡು ಸಾವಿರದ ಏಳರ ಜನವರಿ. ಅವನ ದೇಶ ರೊಮೇನಿಯಾ ಯುರೋಪಿನ ಒಕ್ಕೂಟ ಸೇರಿ ಎರಡು ವಾರವಾಗಿತ್ತಷ್ಟೆ. ಬೋಳಿಸಿದ ತಲೆ, ದಪ್ಪ ಕತ್ತು, ಮೂವತ್ತು ತುಂಬದ ಮುಖ. ಒಂದೇ ಕಾರ್ಖಾನೆ, ಎರಡು ಕಟ್ಟಡದಾಚೆ ಮನೆ ಎಂದು ಗೊತ್ತಾದ ಮೇಲೆ, ನಾಳೆಯಿಂದ ನನ್ನ ಕಾರಲ್ಲಿ ಬಾ ಎಂದ. ಇಬ್ಬರ ನಡುವಿನ ಭಾಷೆ ಅರ್ಧ ಇಂಗ್ಲಿಷು, ಕಾಲು ಸ್ವೀಡಿಷು, ಉಳಿದದ್ದು ಕೈಸನ್ನೆ. ಮೊದಲ ದಿನ ಕಾರು ಹೊರಟ ಕೂಡಲೇ ಸ್ಪೀಕರಿನಿಂದ ಯಾರೋ ಇಬ್ಬರು ಗಂಡಸರು ಜಗಳಕ್ಕೆ ನಿಂತ ಹಾಗೆ ಕೇಳಿಸಿತು. ಹಿಂದೆ ಕಬ್ಬಿಣದ ಬಾಗಿಲು ಬಡಿದಂಥ ತಾಳ. ಗಂಗಾಧರ ಸೀಟಿನ ಬೆಲ್ಟನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡ. ಇದು ಹಾಡೇ ಎಂದು ಕೇಳಿದ್ದಕ್ಕೆ ದೋರಿನ್ ನಕ್ಕು, ನಮ್ಮ ಗ್ಯಾಂಗ್‌ಸ್ಟಾ ರ‍್ಯಾಪ್ ಎಂದ. ಕೊಲೆಗಡುಕರ ಹಾಡೇ? ಅಲ್ಲ, ಬಿಸಿನೀರಿನ ಹಾಡು. ಚಳಿಗಾಲದಲ್ಲಿ ಸರಕಾರದವರು ವಾರಕ್ಕೆರಡು ಗಂಟೆ ಬಿಸಿನೀರು ಬಿಡುತ್ತಾರೆ, ಅಷ್ಟರಲ್ಲಿ ಎಂಟನೇ ಮಹಡಿಯ ಮುದುಕಿ ಸ್ನಾನ ಮಾಡಬೇಕು, ಪೈಪಿನಲ್ಲಿ ಬರುವುದು ಮಂತ್ರಿಯ ಭಾಷಣ ಮಾತ್ರ. ಹೀಗೆ ಒಂದೊಂದು ಸಾಲನ್ನೂ ಸಿಗ್ನಲ್ಲಿನಲ್ಲಿ ನಿಂತಾಗ ಬಿಡಿಸಿ ಹೇಳುತ್ತಿದ್ದ. ನಡುನಡುವೆ ಬರುವ ಬೈಗುಳಗಳಿಗೆ ಮಾತ್ರ ಅರ್ಥ ಹೇಳುತ್ತಿರಲಿಲ್ಲ. ಅದು ನಿನಗೇ ತಿಳಿಯುತ್ತೆ ಅನ್ನುತ್ತಿದ್ದ. ತಿಳಿಯುತ್ತಿತ್ತು.

ಆ ಎರಡು ಚಳಿಗಾಲದ ಬೆಳಗುಗಳು ಗಂಗಾಧರನ ಸ್ವೀಡನ್ನಿನ ಬದುಕಿನಲ್ಲೇ ಬೆಚ್ಚಗಿನವು. ಕಾರಿನ ಗಾಜಿನ ಮೇಲೆ ಕೆರೆದು ತೆಗೆದ ಹಿಮದ ಗೀರುಗಳು, ಥರ್ಮಾಸಿನ ಮುಚ್ಚಳದಲ್ಲಿ ಹಂಚಿಕೊಂಡ ಕಾಫಿ, ದೋರಿನ್‌ನ ಹಳೇ ಚರ್ಮದ ಜಾಕೆಟ್ಟಿನ ವಾಸನೆ. ಅವನ ಊರು ಬೆಟ್ಟಗಳ ನಡುವಿನ ಕಲ್ಲಿದ್ದಲ ಕಣಿವೆ. ಹನ್ನೊಂದು ವರ್ಷದವನಿದ್ದಾಗ ಟೀವಿಯಲ್ಲಿ ಕ್ರಾಂತಿ ನೋಡಿದನಂತೆ. ಓಣಿಯವರೆಲ್ಲ ಅಪ್ಪಿಕೊಂಡು ಅತ್ತರಂತೆ, ಇನ್ನು ಎಲ್ಲ ಸರಿಹೋಗುತ್ತೆ ಎಂದು. ಎಂಟು ವರ್ಷಕ್ಕೆ ಗಣಿ ಮುಚ್ಚಿತು. ಅಪ್ಪಂದಿರೆಲ್ಲ ಕಟ್ಟಡದ ಮುಂದಿನ ಬೆಂಚುಗಳ ಮೇಲೆ ಬಂದು ಕೂತರು, ಬೇಸಿಗೆಯಲ್ಲೂ ಕೂತರು, ಮಂಜು ಬಿದ್ದಾಗಲೂ ಕೂತರು. ಆಗ ದೋರಿನ್ ಮತ್ತು ಇಬ್ಬರು ಗೆಳೆಯರು ಕಟ್ಟಡದ ಬಾಯ್ಲರ್ ಕೋಣೆಯಲ್ಲಿ, ಅದು ಹೇಗೂ ತಣ್ಣಗಿತ್ತು, ಟೇಪ್‌ರೆಕಾರ್ಡರ್ ಇಟ್ಟುಕೊಂಡು ತಾವೇ ಕಟ್ಟಿದ ಹಾಡುಗಳನ್ನು ಮುದ್ರಿಸಿದರು. "ನಮ್ಮ ಹತ್ರ ಪಿಸ್ತೂಲ್ ಇರ್ಲಿಲ್ಲ," ಎಂದಿದ್ದ ಒಮ್ಮೆ, "ಮೂರು ಜನಕ್ಕೆ ಒಂದು ಒಳ್ಳೇ ಜಾಕೆಟ್ ಇತ್ತು. ಫೋಟೋಗೆ ಸರದಿ ಮೇಲೆ ಹಾಕ್ಕೊಂಡ್ವಿ."

"ಮತ್ತೆ ಗ್ಯಾಂಗ್‌ಸ್ಟರ್ ಅಂತ ಯಾಕೆ ಕರ್ಕೊಂಡ್ರಿ?"

"ಲೂಟಿ ಮಾಡೋರು ಟೈ ಕಟ್ಕೊಂಡು ಟೀವಿಲಿ ಬರ್ತಿದ್ರು. ಕೆಲಸ ಅವರು ಮಾಡ್ಲಿ, ಹೆಸರಾದ್ರೂ ನಮಗಿರ್ಲಿ ಅಂತ."

ಈ ಮಾತಿಗೆ ಗಂಗಾಧರ ತಡೆಯಲಾಗದೆ ನಕ್ಕುಬಿಟ್ಟಿದ್ದ. ನಗುತ್ತಲೇ ಎದೆಯೊಳಗೆ ಏನೋ ಕಳಚಿದಂತಾಗಿ, ಎಷ್ಟೋ ವರ್ಷದಿಂದ ಮೂಗಿಗೆ ತಾಗದಿದ್ದ ಹತ್ತಿಯ ಧೂಳಿನ ವಾಸನೆ ಬಂದಿತ್ತು. ದಾವಣಗೆರೆಯ ಗಿರಣಿ ಚಾಳಿನಲ್ಲಿ ಎಲ್ಲರ ಮನೆಗೂ ಆ ವಾಸನೆ ಇತ್ತು. ಅಪ್ಪ ಮೊದಲ ಪಾಳಿ ಮುಗಿಸಿ ಬಂದರೆ ಹುಬ್ಬಿನ ಮೇಲೆ, ಕಿವಿಯ ಕೂದಲಿನ ಮೇಲೆ ಬಿಳಿಯ ನವಿರು. ಅವ್ವ ಅದನ್ನು ಸೆರಗಿನಿಂದ ಒರೆಸಿ ಮುಂದೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಇಡುತ್ತಿದ್ದಳು. ಅಪ್ಪನಿಗೆ ಪ್ರಾಸದ ಹುಚ್ಚು. ಯಾರು ಬಂದರೂ ಅವರ ಹೆಸರಿಗೆ ಒಂದು ಪದ ಜೋಡಿಸಿಯೇ ಒಳಗೆ ಕರೆಯುವುದು. ಗಿರಣಿಗೆ ಬೀಗ ಬಿದ್ದ ವರ್ಷ ಆ ಹುಚ್ಚು ಗೇಟಿನ ಮುಂದಿನ ಸಭೆಗಳಿಗೆ ಬಂತು. ಹಲಗೆ ಬಾರಿಸುವವನೊಬ್ಬನನ್ನು ಪಕ್ಕಕ್ಕಿಟ್ಟುಕೊಂಡು, ಮ್ಯಾನೇಜರಿನ ಹೆಸರು, ಮಾಲೀಕನ ಅಳಿಯನ ಹೆಸರು, ಎಲ್ಲವನ್ನೂ ಪದದೊಳಗೆ ಸೇರಿಸಿ ಕೂಗಿ ಹಾಡುತ್ತಿದ್ದ. ಗೇಟಿಗೆ ಅಂಟಿಸಿದ್ದ, ಕೆಲಸ ಹೋದವರ ಪಟ್ಟಿಯಲ್ಲಿ ಅಪ್ಪನದು ಮೂವತ್ತೇಳನೆಯದು. ಗಂಗಾಧರ ಆಗ ಎಂಜಿನಿಯರಿಂಗ್ ಎರಡನೇ ವರ್ಷ. ಒಂದು ಸಂಜೆ ಕಾಲೇಜಿನ ಗೆಳೆಯ ಹಯವದನನ ಜೊತೆ ಸೈಕಲ್ಲಿನಲ್ಲಿ ಬರುತ್ತಿದ್ದಾಗ ದೂರದಿಂದಲೇ ಆ ದನಿ ಕೇಳಿಸಿತು. ಯಾರೋ ಅದು ಹಂಗೆ ಒದರ್ತಾ ಇರೋದು, ಎಂದು ಹಯವದನ ನಕ್ಕ. ಯಾರೋ ಕುಡುಕ ಇರಬೇಕು ಎಂದು ಗಂಗಾಧರ ಹೇಳಿ, ಗೇಟಿನ ಕಡೆ ಹೋಗದೆ, ಸೈಕಲ್ಲನ್ನು ಪಕ್ಕದ ಓಣಿಗೆ ತಿರುಗಿಸಿದ. ಅಪ್ಪ ಜನ್ಮದಲ್ಲಿ ಒಂದು ಹನಿ ಕುಡಿದವನಲ್ಲ. ಕೊನೆಯ ವರ್ಷಗಳಲ್ಲಿ ಎದೆಯೊಳಗಿನ ಹತ್ತಿ ಅವನನ್ನು ಹೆಚ್ಚು ಮಾತಾಡಲು ಬಿಡದಾಗ, ಹಾಸಿಗೆಯ ಪಕ್ಕ ಕೂತು ಒಮ್ಮೆ ಇದನ್ನು ಹೇಳಿಬಿಡಬೇಕೆಂದು ಗಂಗಾಧರ ಬಾಯಿ ತೆರೆದಿದ್ದ. "ಏನಲೇ ತಮ್ಮಾ, ಹಸಿವಾತೇನು?" ಎಂದು ಅಪ್ಪ ಕೇಳಿದ. ಹೌದು ಎಂದ.

ದೋರಿನ್‌ಗೆ ಇದನ್ನೆಲ್ಲ ಹೇಳಿದ್ದು ಕಳೆದ ಮಾರ್ಚಿನಲ್ಲಿ, ಟ್ರಾಫಿಕ್ಕಿಲ್ಲದ ಒಂದು ಶನಿವಾರ, ಸ್ಟಾಕ್‌ಹೋಮಿನಿಂದ ವಾಪಸು ಬರುವಾಗ. ಅವನು ಪೂರ್ತಿ ಕೇಳಿಸಿಕೊಂಡು, ಸೈಕಲ್ಲಿನ ವಿಷಯಕ್ಕೆ ಏನೂ ಹೇಳದೆ, ಆ ಪದ ಹೇಳು ಎಂದ. ಗಂಗಾಧರ ಹದಿನೈದು ವರ್ಷದಲ್ಲಿ ಮೊದಲ ಸಲ ಬಾಯಿಬಿಟ್ಟು ಹೇಳಿದ:

ನೂಲು ನಿಂದು, ಬಟ್ಟೆ ನಿಂದು, ಕೆಮ್ಮು ಮಾತ್ರ ನಮದು,
ಬಾಗ್ಲು ಹಾಕಿ ಹೊಂಟೆಯಲ್ಲೋ, ಬೀಗ ಯಾರದು?

ಮತ್ತೆ ಹೇಳು ಎಂದ ದೋರಿನ್, ಸ್ಟಿಯರಿಂಗಿನ ಮೇಲೆ ಎರಡು ಬೆರಳು, ಒಂದು ಅಂಗೈ, ಎರಡು ಬೆರಳು, ಒಂದು ಅಂಗೈ ಎಂದು ತಟ್ಟತೊಡಗಿದ. ಪದ ಆ ತಾಳದ ಮೇಲೆ ಹೋಗಿ ಕೂತ ರೀತಿಗೆ ಗಂಗಾಧರನ ಮೈ ಜುಮ್ಮೆಂದಿತು. ಹಿಂದಿನ ಸೀಟಿನಲ್ಲಿದ್ದ ಶೋಭನಾ, ಮಗು ಏಳುತ್ತೆ ಎಂದು ಗೊಣಗಿ, ಸ್ವಲ್ಪ ಹೊತ್ತಿನ ಮೇಲೆ ತಾನೂ ಕಿಟಕಿ ನೋಡುತ್ತಾ ತೊಡೆಯ ಮೇಲೆ ತಟ್ಟುತ್ತಿದ್ದಳು. ಬೀಗ ಯಾರದು, ಬೀಗ ಯಾರದು ಎಂದು ಕಾರು ಪೂರ್ತಿ ಊರು ಮುಟ್ಟುವವರೆಗೂ ಹಾಡಿತು. ಆ ಮೇಲೆ ದೋರಿನ್ ಅವನಿಗೆ ಪ್ರಾಸಕ್ಕೆ ಬರುವ ರೊಮೇನಿಯನ್ ಮಾತುಗಳನ್ನೂ ಕಲಿಸಿದ. ಸ್ಕಾರಾ ಎಂದರೆ ಮೆಟ್ಟಿಲು. ಅಲ್ಲಿ ಒಂದು ಮೆಟ್ಟಿಲಿಗೆ ಸೇರಿದ ಮನೆಗಳೆಲ್ಲ ಒಂದು ಕುಟುಂಬದ ಹಾಗೆ. ಅಫಾರಾ ಎಂದರೆ ಹೊರಗೆ.

ಎರಡು ಗಂಟೆಗೆ ಗಂಗಾಧರ ಊಟದ ಕೋಣೆಗೆ ಹೋದ. ನೆಪ ಸಿಗದೆ ಹೋದನೋ, ನೋಡಲೇಬೇಕೆನಿಸಿ ಹೋದನೋ ಅವನಿಗೇ ತಿಳಿಯದು. ಹಸಿರು ಹೊದಿಕೆಯ ದೊಡ್ಡ ಕೇಕು, ಅದರ ಮೇಲೊಂದು ಸಕ್ಕರೆಯ ಗುಲಾಬಿ. ದೋರಿನ್ ಜೊತೆ ಹೊರಡುತ್ತಿರುವ ಇನ್ನಿಬ್ಬರು ಕಿಟಕಿಯ ಬಳಿ ತಟ್ಟೆ ಹಿಡಿದು ನಿಂತಿದ್ದರು. ಗುನಿಲ್ಲಾ ಎರಡು ನಿಮಿಷ ಮಾತಾಡಿದಳು, ನಿಜವಾಗಿಯೂ ಅವಳ ಕಣ್ಣು ಒದ್ದೆಯಾಗಿತ್ತು, ಇದರಲ್ಲಿ ಯಾರ ತಪ್ಪೂ ಇಲ್ಲ ಎಂದಳು. ಕೇಕು ಕತ್ತರಿಸುವ ಚಾಕು ಯಾರೋ ಗಂಗಾಧರನ ಕೈಗೇ ಕೊಟ್ಟರು. ಅವನು ಕತ್ತರಿಸಿದ. ಒಂದೇ ಅಳತೆಯ ತುಂಡುಗಳು. ಎಷ್ಟು ನೀಟಾಗಿ ಕತ್ತರಿಸ್ತೀಯಪ್ಪಾ, ಎಂದು ಮೂರನೇ ಸ್ಟೇಷನ್ನಿನ ಯೋರಾನ್ ಮೆಚ್ಚಿಕೊಂಡ. ಕಿವಿಯವರೆಗೂ ಬಿಸಿಯೇರಿತು. ದೋರಿನ್‌ನ ತಟ್ಟೆಗೆ ಗುಲಾಬಿಯಿದ್ದ ತುಂಡು ಹಾಕಿದ. ಹಾಕಿದ ಮೇಲೆ, ಅದು ಲಂಚದ ಹಾಗೆ ಕಾಣಿಸುತ್ತದೇನೋ ಎನ್ನಿಸಿತು. ದೋರಿನ್ ಥ್ಯಾಂಕ್ಸ್ ಎಂದು ಗುಲಾಬಿಯನ್ನು ಬೆರಳಿಂದ ಎತ್ತಿ ಬಾಯಿಗೆ ಹಾಕಿಕೊಂಡ.

ನಿನ್ನ ಕಾರಿನ ಹಾಡು ಒಂದು ಹೇಳು ಎಂದು ಯೋರಾನ್ ಶುರುಮಾಡಿದ. ಎಲ್ಲರೂ ಒತ್ತಾಯಿಸಿದರು. ದೋರಿನ್ ಬೇಡ ಎಂದು ತಲೆಯಾಡಿಸಿ, ಆಮೇಲೆ ಕೈ ಒರೆಸಿಕೊಂಡು ಮೇಜಿನ ಮೇಲೆ ತಟ್ಟಿದ. ಎರಡು ಬೆರಳು, ಒಂದು ಅಂಗೈ. ಕಪ್ಪುಗಳು ಅಲುಗಿದವು. ಹೇಳತೊಡಗಿದಾಗ ಅವನ ದನಿ ಗಂಗಾಧರ ಕೇಳಿದ್ದ ದನಿಯೇ ಅಲ್ಲ. ಹತ್ತೊಂಬತ್ತರ ಹುಡುಗನೊಬ್ಬ ತಣ್ಣಗಿನ ಬಾಯ್ಲರಿನ ಮುಂದೆ ನಿಂತು, ಕೇಳುವವರು ಯಾರೂ ಇಲ್ಲವೆಂದು ಗೊತ್ತಿದ್ದೂ ಹೇಳುವ ದನಿ. ಅರ್ಥವಾಗದ ಮಾತುಗಳ ನಡುವೆ ಸಾಲಿನ ತುದಿಗೆ ಸ್ಕಾರಾ ಬಂತು. ಇನ್ನೊಂದು ಸಾಲು, ಅಫಾರಾ. ಅದರ ಹಿಂದೆಯೇ, ಮುಚ್ಚುಮರೆಯಿಲ್ಲದೆ, ಗಂಗಾಧರಾ. ಎಲ್ಲರೂ ಹೋ ಎಂದು ಅವನ ಕಡೆ ತಿರುಗಿ ನಕ್ಕರು, ಯಾರೋ ಬೆನ್ನು ತಟ್ಟಿದರು. ಅವನೂ ನಕ್ಕ. ತುಟಿ ಒಣಗಿ ಹಲ್ಲಿಗೆ ಅಂಟಿಕೊಂಡಿತ್ತು. ಚಪ್ಪಾಳೆ ನಿಂತ ಮೇಲೆ ಏನರ್ಥ ಎಂದು ಯೋರಾನ್ ಕೇಳಿದ್ದಕ್ಕೆ ದೋರಿನ್ ಹೇಳಿದ: "ಚಳಿಗಾಲದ ಹಾಡು."

ನಾಲ್ಕು ಗಂಟೆಗೇ ಕತ್ತಲಾಗಿತ್ತು. ಪಾರ್ಕಿಂಗಿನಲ್ಲಿ ದೋರಿನ್ ಕಾರಿನ ಗಾಜು ಕೆರೆಯುತ್ತಿದ್ದ. ಬಸ್ ಸ್ಟಾಪಿನ ಕಡೆ ಹೊರಟಿದ್ದ ಗಂಗಾಧರ ನಿಂತ, ತಿರುಗಿದ, ಹೋಗಿ ಇನ್ನೊಂದು ಬದಿಯ ಬಾಗಿಲು ತೆರೆದು ಕೂತ. ಕಾರು ಹೊರಟಿತು. ಇವತ್ತು ಹಾಡು ಹಾಕಿರಲಿಲ್ಲ. ಮೊದಲ ಸಿಗ್ನಲ್ ದಾಟುವ ಮೊದಲೇ ಅವನು ಹೇಳಿಬಿಟ್ಟ; ಇನ್ನೊಂದು ಸಿಗ್ನಲ್ಲಿನವರೆಗೆ ಕಾದರೆ ಎಂದೂ ಹೇಳಲಾರೆ ಎಂದು ಗೊತ್ತಿತ್ತು.

"ನಾಲ್ಕನೇ ಸ್ಟೇಷನ್ ತೆಗೀಬಹುದು ಅಂತ ಬರೆದವನು ನಾನು."

"ಗೊತ್ತು," ಎಂದ ದೋರಿನ್. "ಯೂನಿಯನ್ನಿನವನು ತೋರಿಸ್ದ. ಹನ್ನೊಂದು ಸಾಲು."

ವೈಪರು ಎರಡು ಸಲ ಬಂದು ಹೋಯಿತು.

"ಆ ಹಾಡಲ್ಲಿ ನನ್ನ ಬಗ್ಗೆ ಏನು ಹೇಳ್ದೆ?"

"ನಿನ್ನ ಹೆಸರು ಪ್ರಾಸಕ್ಕೆ ಚೆನ್ನಾಗಿ ಸಿಗುತ್ತೆ. ಎರಡು ವರ್ಷದಿಂದ ಉಪಯೋಗಿಸ್ದೆ ಇಟ್ಕೊಂಡಿದ್ದೆ." ಗೇರು ಬದಲಿಸಿ, ಕಾಫಿಯ ಬೆಲೆ ಹೇಳುವವನಂತೆ, ಒಂದೊಂದೇ ಸಾಲು ಬಿಡಿಸಿ ಹೇಳಿದ. "ನಮ್ಮ ಮೆಟ್ಟಿಲಿಗೆ ಹತ್ತು ಮನೆ. ಒಂಬತ್ತು ಮನೆಯವರು ಹೊರಗೆ. ಹತ್ತನೆಯವನು ಗಂಗಾಧರ. ಅವನು ಒಳಗೇ ಇದಾನೆ, ಬಾಗ್ಲು ಹಾಕ್ಕೊಂಡಿದಾನೆ. ಅವನಿಗೂ ಚಳಿ."

ಗಂಗಾಧರ ಕಿಟಕಿಯ ಕಡೆ ಮುಖ ತಿರುಗಿಸಿದ. ಬೈದಿದ್ದರೆ ಒಳ್ಳೆಯದಿತ್ತು. ಬೈಗುಳಗಳಿಗೆ ಅವನು ಮೂರು ವಾರದಿಂದ ಉತ್ತರ ಜೋಡಿಸಿಟ್ಟುಕೊಂಡಿದ್ದ: ಪರ್ಮಿಟ್ಟು, ಮಗು, ನಾನಲ್ಲದಿದ್ದರೆ ಇನ್ನೊಬ್ಬ. ಈಗ ಅವು ಯಾವುದನ್ನೂ ಕೇಳುವವರಿರಲಿಲ್ಲ. ಕೊನೆಗೆ, ನಾನು ಬರೆದದ್ದರಲ್ಲಿ ಸುಳ್ಳೇನೂ ಇರಲಿಲ್ಲ ಎಂದು, ಯಾರದೋ ಮಾತನ್ನು ಒಪ್ಪಿಸುವವನಂತೆ ಹೇಳಿದ.

ಆಗ ದೋರಿನ್ ಕಾರನ್ನು ರಸ್ತೆ ಪಕ್ಕಕ್ಕೆ ತಂದು ನಿಲ್ಲಿಸಿದ. ಅವನ ಕತ್ತಿನ ನರ ಉಬ್ಬಿತ್ತು. "ಇತ್ತು," ಎಂದ. "ಒಂದು ಪರೀಕ್ಷೆಗೆ ಹದಿನಾಲ್ಕು ನಿಮಿಷ ಅಂತ ಬರೆದಿದೀಯ. ನಾನು ಒಂಬತ್ತಕ್ಕೆ ಮುಗಿಸ್ತೀನಿ."

"ಮ್ಯಾನ್ಯುಯಲ್‌ನಲ್ಲಿ ಹದಿನಾಲ್ಕು ಅಂತಿದೆ."

"ಮ್ಯಾನ್ಯುಯಲ್ ಬರೆದವನು ಮೀಟರಿನ ಮುಳ್ಳು ನಿಲ್ಲೋವರೆಗೂ ಕೈ ಕಟ್ಕೊಂಡು ನಿಲ್ತಾನೆ. ನಾನು ಆ ಹೊತ್ತಲ್ಲಿ ಮುಂದಿನ ಮೂರು ಪೈಪ್ ಜೋಡಿಸ್ತೀನಿ. ನೀನು ಮೇಲಿಂದ ದಿನಾ ನೋಡ್ತಿದ್ದೆ. ಕೆಳಗೆ ಇಳಿದು ಬಂದು ಕೇಳಿದ್ರೆ ಹೇಳ್ತಿದ್ದೆ." ದನಿ ತಗ್ಗಿಸಿದ. "ಕೆಲಸ ಹೋಗ್ಲಿ. ಗಣಿ ಮುಚ್ಚಿದಾಗ ನಮ್ಮಪ್ಪನ್ನ ಸೋಮಾರಿ ಅಂತ ಯಾರೂ ಬರೆದಿರ್ಲಿಲ್ಲ."

ಇಷ್ಟು ದಿನ ಗಂಗಾಧರ ಒರಗಿಕೊಂಡಿದ್ದ ಒಂದೇ ಗೋಡೆ ಅದು, ಬರೆದದ್ದೆಲ್ಲ ನಿಜ ಎನ್ನುವುದು. ಗೆಳೆಯನ ಕೆಲಸವನ್ನು ಎರಡು ವರ್ಷ ಗಾಜಿನಾಚೆಯಿಂದ ನೋಡಿಯೂ ಅದು ಎಷ್ಟು ನಿಮಿಷದ್ದೆಂದು ಅವನು ನೋಡಿರಲೇ ಇಲ್ಲ. ಕಾರು ಮತ್ತೆ ಹೊರಟು ಮನೆಯ ಮುಂದೆ ನಿಂತಿತು. ಭಾನುವಾರ ನಾರ್ವೆಗೆ ಹೊರಡುತ್ತೇನೆ, ಅಲ್ಲಿ ಹಡಗಿನ ಕೆಲಸವಿದೆ ಎಂದ ದೋರಿನ್. ಕೈ ಕುಲುಕಿದರು. ಅವನ ಅಂಗೈ ಯಾವಾಗಲೂ ಇದ್ದಷ್ಟೇ ಒರಟಾಗಿತ್ತು, ಹೆಚ್ಚು ಬಿಗಿಯಾಗಿಯೂ ಹಿಡಿಯಲಿಲ್ಲ, ಬೇಗ ಬಿಡಲೂ ಇಲ್ಲ.

ಸೋಮವಾರ ಬೆಳಿಗ್ಗೆ ಆರಕ್ಕೆ, ಮೊದಲ ಪಾಳಿ ಬರುವ ಮುಂಚೆ, ಗಂಗಾಧರ ಕೆಳಗಿಳಿದು ನಾಲ್ಕನೇ ಸ್ಟೇಷನ್ನಿನ ದೀಪ ಹಾಕಿದ. ಗೂಡಿನಲ್ಲಿದ್ದ ಕೈಗವಸು ಅವನಿಗೆ ದೊಡ್ಡದಾಗಿತ್ತು. ಅಲ್ಲೇ ನಿಂತಿದ್ದ ಒಂದು ಯಂತ್ರಕ್ಕೆ ಪೈಪು ಜೋಡಿಸಿ, ಗಡಿಯಾರ ನೋಡಿ, ಪರೀಕ್ಷೆ ಶುರುಮಾಡಿದ. ಮುಳ್ಳು ನಿಲ್ಲುವ ಹೊತ್ತಿನಲ್ಲಿ ಮುಂದಿನ ಪೈಪು ಹಿಡಿಯಲು ಹೋದರೆ ಹಿಂದಿನದು ಸಡಿಲವಾಯಿತು. ಎಣ್ಣೆ ಪ್ಯಾಂಟಿನ ಮೇಲೆ, ಶೂಗಳ ಒಳಗೆ ಇಳಿಯಿತು. ಮೊಣಕಾಲೂರಿ ಮತ್ತೆ ಬಿಗಿದ. ಮುಗಿಸಿದಾಗ ಮೂವತ್ತೊಂದು ನಿಮಿಷವಾಗಿತ್ತು. ಬಾಗಿಲಲ್ಲಿ ಟೋಪಿ ತೆಗೆಯುತ್ತಾ ನಿಂತಿದ್ದ ಯೋರಾನ್ ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿ, ನಗಲಿಲ್ಲ, ಒಂದು ಹಳೇ ಬಟ್ಟೆ ಎಸೆದ.

ಎಣ್ಣೆಯ ಕೈಯಲ್ಲೇ ಮೇಲೆ ಹೋಗಿ ಅವನು ಗುನಿಲ್ಲಾಗೆ ಬರೆದ. ನನ್ನ ಟಿಪ್ಪಣಿಯಲ್ಲಿ ತಪ್ಪಿದೆ. ನಾಲ್ಕನೇ ಸ್ಟೇಷನ್ನಿನ ಪರೀಕ್ಷೆಗೆ ದೋರಿನ್ ತೆಗೆದುಕೊಳ್ಳುತ್ತಿದ್ದದ್ದು ಒಂಬತ್ತು ನಿಮಿಷ. ಹದಿನಾಲ್ಕು ಎಂದು ನಾನು ನೋಡದೆ ಬರೆದೆ. ಇಂದು ನಾನೇ ಮಾಡಿದಾಗ ಮೂವತ್ತೊಂದು ಬೇಕಾಯಿತು. ಒಂಬತ್ತೇ ಎಂದು ಬರೆದಿದ್ದರೆ ನಾಲ್ಕನೆಯದರ ಬದಲು ಬೇರೊಂದು ಸ್ಟೇಷನ್ನನ್ನು ಉಳಿದವುಗಳೊಳಗೆ ಸೇರಿಸುವಂತೆ ಹೇಳಬೇಕಾಗುತ್ತಿತ್ತು. ಇದನ್ನು ಅವನ ಫೈಲಿನಲ್ಲಿ ಇಡಬೇಕೆಂದು ಕೇಳಿಕೊಳ್ಳುತ್ತೇನೆ. ಒಂದು ಪ್ರತಿ ದೋರಿನ್‌ಗೆ, ಒಂದು ಯೂನಿಯನ್ನಿಗೆ. ಕಳಿಸುವ ಗುಂಡಿಯ ಮೇಲೆ ಬೆರಳಿಟ್ಟಾಗ ಫೆಬ್ರವರಿಯ ಪರ್ಮಿಟ್ಟು ನೆನಪಾಯಿತು. ಒತ್ತಿದ.

ಹತ್ತು ಗಂಟೆಗೆ ಗುನಿಲ್ಲಾ ಬಂದು, ಈ ಸಲ ಕುರ್ಚಿ ಎಳೆದುಕೊಳ್ಳದೆ, ನಿಂತೇ ಕೇಳಿದಳು: "ಎಲ್ಲ ತೀರ್ಮಾನ ಆಗಿದೆ. ಈಗ ಇದರಿಂದ ಏನೂ ಬದಲಾಗಲ್ಲ ಅಂತ ನಿನಗೆ ಗೊತ್ತಲ್ಲ?"

"ಗೊತ್ತು."

"ಮತ್ತೆ ಯಾಕೆ?"

"ಅಂಕಿ ತಪ್ಪಾಗಿತ್ತು," ಎಂದ ಗಂಗಾಧರ.

ಅವಳು ಅವನ ಪ್ಯಾಂಟಿನ ಕಲೆಯನ್ನು ಒಂದು ಕ್ಷಣ ನೋಡಿ, ಸರಿ ಎಂದು ಹೋದಳು. ಆ ಸರಿಯ ಅರ್ಥ ತಿಳಿಯಲು ಅವನು ಹೊಸ ವರ್ಷದವರೆಗೆ ಕಾಯಬೇಕಿತ್ತು. ಮಧ್ಯಾಹ್ನ ಕಾರಿಡಾರಿನಲ್ಲಿ ಕಾಫಿಗೆ ನಿಂತಿದ್ದಾಗ ಜೇಬಿನಲ್ಲಿ ಫೋನು ನಡುಗಿತು. ನಾರ್ವೆಯ ನಂಬರಿನಿಂದ ಒಂದು ಸಂದೇಶ. ಬೈಗುಳವೋ, ವಂದನೆಯೋ ಎಂದು ಎರಡಕ್ಕೂ ಸಿದ್ಧನಾಗಿ ತೆರೆದ.

ದೋರಿನ್ ಬರೆದಿದ್ದ: "ಒಂಬತ್ತಲ್ಲ, ಒಂಬತ್ತೂವರೆ. ನಿಜ ಬರೆಯೋದಾದ್ರೆ ಪೂರ್ತಿ ಬರಿ."

ಗಂಗಾಧರ ಕಪ್ಪು ಕೆಳಗಿಟ್ಟು, ತಿದ್ದುಪಡಿ ಬರೆಯಲು ಮೇಜಿನ ಕಡೆ ನಡೆದ.